ಒಂದೇ ನೋಡ್‌ಗೆ ಬಣ್ಣ ಹಚ್ಚುವ ಮುನ್ನ

ಮಗೂ, ಹೊಸ ಕೆಲಸದಲ್ಲಿ ನಿನ್ನ ಪಾಲಿಗೆ ಜಾಲಚಿತ್ರ ಬಿಡಿಸುವ ಸಾಧನವಾದ ಸೈಟೋಸ್ಕೇಪ್‌ನ ಪ್ಲಗಿನ್ ಬಂದಿದೆ, ಅದರಲ್ಲೂ ಬಳಸುವವರು ತಮಗೆ ಬೇಕಾದ ಒಂದೊಂದು ನೋಡ್‌ನ, ಅಂದರೆ ಜಾಲದ ಒಂದೊಂದು ಗುಂಡಿನ, ಬಣ್ಣ, ಆಕಾರ, ಗಾತ್ರ ಬದಲಿಸಿಕೊಳ್ಳುವ ಭಾಗ ಸಿಕ್ಕಿದೆ ಎಂದು ಬರೆದಿದ್ದೀಯ. ಜೊತೆಯವರಿಗೆಲ್ಲ ಅಲ್ಗಾರಿದಂ, ನನಗೆ ಮಾತ್ರ ಬಣ್ಣ ಬಳಿಯುವ ಕೆಲಸ ಎಂಬ ಬೇಸರ ಆ ಸಾಲುಗಳಲ್ಲಿ ಕಂಡಿತು. ಬೇಸರ ಬೇಡ. ಅಲ್ಗಾರಿದಂ ಏನೇ ಲೆಕ್ಕ ಹಾಕಲಿ, ಪತ್ರಿಕೆಯ ಪುಟಕ್ಕೂ ವೈದ್ಯರ ಮೇಜಿಗೂ ಕೊನೆಗೆ ತಲುಪುವುದು ಚಿತ್ರ. ಮುನ್ನೂರು ನೋಡ್‌ಗಳ ನಡುವೆ ಒಂದು ಕೆಂಪಗೆ ಕಂಡರೆ ಓದುವವರು ಉಳಿದದ್ದೆಲ್ಲ ಬಿಟ್ಟು ಅದನ್ನೇ ದಿಟ್ಟಿಸುತ್ತಾರೆ, ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಆ ಒಂದು ಬಣ್ಣ ‘ಇದೇ ಮುಖ್ಯ’ ಎಂದು ಹೇಳುತ್ತದೆ. ಹೇಳಿದ ಮಾತಿಗೆ ಆಧಾರ ಇರಬೇಕಲ್ಲ? ಆ ಆಧಾರ ಕಳೆದುಹೋಗದಂತೆ ಕಾಯುವುದು ನಿನ್ನ ಕೆಲಸ.

ಗೆರೆ, ಗುಂಡುಗಳಲ್ಲಿ ಸಂಬಂಧ ಬರೆಯುವ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. 1930ರ ದಶಕದಲ್ಲಿ ಅಮೆರಿಕದಲ್ಲಿ ಜೇಕಬ್ ಮೊರೆನೊ ಎಂಬ ಮನೋವೈದ್ಯರು ‘ಯಾರ ಪಕ್ಕ ಕೂರಲು ಇಷ್ಟ’ ಎಂದು ಶಾಲಾ ಮಕ್ಕಳನ್ನು ಕೇಳಿ, ಉತ್ತರಗಳನ್ನು ಹಾಳೆಯ ಮೇಲೆ ಬಿಡಿಸಿದರು. ಹುಡುಗರಿಗೆ ತ್ರಿಕೋನ, ಹುಡುಗಿಯರಿಗೆ ವೃತ್ತ. ಅಷ್ಟು ಮಾಡಿದ್ದರಿಂದಲೇ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಗುಂಪುಗೂಡಿದ್ದು ಎದ್ದು ಕಂಡಿತು. ಎಲ್ಲರಿಗೂ ಒಂದೇ ಚುಕ್ಕೆ ಇಟ್ಟಿದ್ದರೆ ಆ ಹಾಳೆ ಸಿಕ್ಕುಬಿದ್ದ ದಾರದಂತೆ ಇರುತ್ತಿತ್ತು. ನೋಡ್‌ನ ರೂಪಕ್ಕೆ ಅರ್ಥ ಇರಬೇಕು ಎಂಬ ತಿಳಿವಳಿಕೆ ಈ ವಿದ್ಯೆಯ ಮೊದಲ ದಿನದಿಂದಲೂ ಇದೆ.

ಸೈಟೋಸ್ಕೇಪ್ ಹುಟ್ಟಿದ್ದು ಸಿಯಾಟಲ್‌ನ ಇನ್‌ಸ್ಟಿಟ್ಯೂಟ್ ಫಾರ್ ಸಿಸ್ಟಮ್ಸ್ ಬಯಾಲಜಿಯಲ್ಲಿ. ಅದರ ಮೊದಲ ಪ್ರಬಂಧ 2003ರಲ್ಲಿ ‘ಜೀನೋಮ್ ರಿಸರ್ಚ್’ ಪತ್ರಿಕೆಯಲ್ಲಿ ಬಂತು. ಅದೇ ವರ್ಷ, ಅದೇ ಪತ್ರಿಕೆಯಲ್ಲಿ ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ ಕಟ್ಟಿದ ಎಚ್‌ಪಿಆರ್‌ಡಿ ಎಂಬ ಮಾನವ ಪ್ರೋಟೀನ್ ಕೋಶದ ಪ್ರಬಂಧವೂ ಬಂತು. ಒಂದು ಕಡೆ ಚಿತ್ರ ಬಿಡಿಸುವ ಸಾಧನ, ಇನ್ನೊಂದು ಕಡೆ ಬಿಡಿಸಲು ಬೇಕಾದ ಮಾಹಿತಿ. ಆ ಕೋಶದೊಳಗಿನ ಒಂದೊಂದು ಪ್ರೋಟೀನ್ ಜೋಡಿಯನ್ನೂ ಯಾರೋ ಪ್ರಬಂಧ ಓದಿ, ಪ್ರಯೋಗ ಯಾವುದೆಂದು ನೋಡಿ, ಕೈಯಾರೆ ನಮೂದಿಸಿದ್ದರು. ನೀನು ಒಂದು ನೋಡ್ ಮುಟ್ಟುವಾಗ ಅದರ ಹಿಂದೆ ಅಂಥ ಓದುವಿಕೆಯ ಶ್ರಮ ಇದೆ ಎಂಬುದು ನೆನಪಿರಲಿ.

ಇನ್ನು ಸಾಧನದ ಒಳಗೆ ಹೋಗೋಣ. ಸ್ಟೈಲ್ ಫಲಕ ತೆರೆದರೆ ಪ್ರತಿ ಗುಣದ ಸಾಲಿನಲ್ಲೂ ಮೂರು ಪುಟ್ಟ ಚೌಕಗಳಿರುತ್ತವೆ: ಡಿಫಾಲ್ಟ್, ಮ್ಯಾಪಿಂಗ್, ಬೈಪಾಸ್. ಬೇರೇನೂ ಹೇಳದಿದ್ದಾಗ ಎಲ್ಲ ನೋಡ್‌ಗೂ ಸಿಗುವ ರೂಪ ಡಿಫಾಲ್ಟ್. ಟೇಬಲ್‌ನ ಒಂದು ಕಾಲಂ ಓದಿ ರೂಪ ಕೊಡುವ ನಿಯಮ ಮ್ಯಾಪಿಂಗ್. ಅದರಲ್ಲಿ ಮತ್ತೆ ಮೂರು ಬಗೆ. ಕಾಲಂನಲ್ಲಿದ್ದದ್ದನ್ನು ಹಾಗೇ ದಾಟಿಸುವುದು ಪಾಸ್‌ಥ್ರೂ. ನೋಡ್ ಮೇಲಿನ ಹೆಸರು ಸಾಮಾನ್ಯವಾಗಿ ಬರುವುದೇ ಹೀಗೆ. ಒಂದೊಂದು ಮೌಲ್ಯಕ್ಕೆ ಒಂದೊಂದು ರೂಪ ಗೊತ್ತುಮಾಡುವುದು ಡಿಸ್ಕ್ರೀಟ್. ಅಂಕಿ ಏರಿಳಿದಂತೆ ಬಣ್ಣವೋ ಗಾತ್ರವೋ ಏರಿಳಿಯುವುದು ಕಂಟಿನ್ಯುವಸ್. ಕಡೆಯದು ಬೈಪಾಸ್: ನಿಯಮ ಏನೇ ಹೇಳಲಿ, ಈ ನೋಡ್‌ಗೆ ಮಾತ್ರ ಈ ರೂಪ ಎಂದು ಕೈಯಿಂದ ಕೊಡುವುದು. ಮೂರೂ ಒಂದೊಂದು ಹೇಳಿದರೆ ನಡೆಯುವುದು ಬೈಪಾಸ್‌ನ ಮಾತು.

ನಾನು ಹೇಳಬೇಕೆಂದಿರುವುದು ಇಷ್ಟು. ಮ್ಯಾಪಿಂಗ್‌ನಲ್ಲಿ ಆಗುವ ಕೆಲಸಕ್ಕೆ ಬೈಪಾಸ್ ಮುಟ್ಟಬೇಡ. ಮುಟ್ಟಲೇಬೇಕಾದರೆ ಯಾಕೆ ಮುಟ್ಟಿದ್ದು ಎಂಬುದು ಫೈಲಿನೊಳಗೇ ಉಳಿಯಲಿ, ಬೇಡವೆಂದಾಗ ಸಲೀಸಾಗಿ ತೆಗೆಯಲು ಬರಲಿ.

ಇದನ್ನು ಬರೀ ಮಾತಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಸೈಟೋಸ್ಕೇಪ್ ಜೊತೆಗೇ ಬರುವ ‘ಗ್ಯಾಲ್ ಫಿಲ್ಟರ್ಡ್’ ಎಂಬ ಮಾದರಿ ಫೈಲ್ ತೆರೆ. ಅದು ಯೀಸ್ಟ್‌ನ ಸುಮಾರು 330 ನೋಡ್‌ಗಳ ಜಾಲ. ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಯೀಸ್ಟ್ ಹೇಗೆ ಬಳಸಿಕೊಳ್ಳುತ್ತದೆ ಎಂದು ಒಂದೊಂದು ಜೀನ್ ತೆಗೆದುಹಾಕಿ ನೋಡಿದ ಪ್ರಯೋಗ ಅದರ ಹಿನ್ನೆಲೆ. ಪ್ರಬಂಧ 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಟೇಬಲ್‌ನಲ್ಲಿ ನೋಡ್‌ನ ಅಸಲು ಹೆಸರು ವೈಪಿಎಲ್248ಸಿ ಎಂದಿರುತ್ತದೆ, ಬಳಕೆಯ ಹೆಸರು ಬೇರೆ ಕಾಲಂನಲ್ಲಿ ಗ್ಯಾಲ್4 ಎಂದಿರುತ್ತದೆ. ಆ ಕಾಲಂ ಅನ್ನು ಲೇಬಲ್‌ಗೆ ಪಾಸ್‌ಥ್ರೂ ಕೊಟ್ಟರೆ ಚಿತ್ರ ಮನುಷ್ಯರು ಓದುವಂತಾಗುತ್ತದೆ.

ಈಗ ಗ್ಯಾಲ್80 ಜೀನ್ ತೆಗೆದುಹಾಕಿದ ಯೀಸ್ಟ್‌ನ ಕಾಲಂ ಆರಿಸಿಕೋ. ಜೀನ್‌ನ ಚಟುವಟಿಕೆ ಕುಗ್ಗಿದ್ದಕ್ಕೆ ನೀಲಿ, ಬದಲಾಗದ್ದಕ್ಕೆ ಬಿಳಿ, ಹೆಚ್ಚಿದ್ದಕ್ಕೆ ಕೆಂಪು ಎಂದು ಕಂಟಿನ್ಯುವಸ್ ಮ್ಯಾಪಿಂಗ್ ಕೊಡು. ಜಾಲದ ಒಂದು ಮೂಲೆಯಲ್ಲಿ ಗ್ಯಾಲ್1, ಗ್ಯಾಲ್7, ಗ್ಯಾಲ್10 ಗಾಢ ಕೆಂಪಾಗಿ ಉರಿಯುತ್ತವೆ. ಅವುಗಳ ನಡುವೆ, ಎಲ್ಲಕ್ಕೂ ಗೆರೆ ಎಳೆದುಕೊಂಡು ಕೂತಿರುವ ಗ್ಯಾಲ್4 ಮಾತ್ರ ಪೇಲವ. ಹೊಸಬರಿಗೆ ಇಲ್ಲೇ ಗಲಿಬಿಲಿ: ಇಷ್ಟನ್ನೆಲ್ಲ ಎಬ್ಬಿಸಿದ ಯಜಮಾನನೇ ಇವನು, ಇವನಿಗೇ ಬಣ್ಣ ಇಲ್ಲವಲ್ಲ!

ಕಾರಣ ಸೊಗಸಾಗಿದೆ. ಗ್ಯಾಲ್4 ಪ್ರೋಟೀನ್ ಮೊದಲಿಂದಲೂ ಅಲ್ಲೇ ಇರುತ್ತದೆ. ಗ್ಯಾಲಕ್ಟೋಸ್ ಇಲ್ಲದಾಗ ಗ್ಯಾಲ್80 ಪ್ರೋಟೀನ್ ಅದನ್ನು ಅಪ್ಪಿ ಹಿಡಿದು ಕೆಲಸ ಮಾಡಗೊಡುವುದಿಲ್ಲ. ಗ್ಯಾಲ್80 ತೆಗೆದುಬಿಟ್ಟರೆ ಆ ಹಿಡಿತ ಹೋಗುತ್ತದೆ. ಗ್ಯಾಲ್4ನ ಪ್ರಮಾಣ ಹೆಚ್ಚೇನೂ ಬದಲಾಗದೆ ಅದರ ಕೈಕೆಳಗಿನ ಜೀನ್‌ಗಳೆಲ್ಲ ಒಮ್ಮೆಲೇ ಎಚ್ಚೆತ್ತುಕೊಳ್ಳುತ್ತವೆ. ಗ್ಯಾಲ್4 ಪೇಲವವಾಗಿರುವುದೇ ಈ ಕಥೆಯ ಸ್ವಾರಸ್ಯ. ಅದನ್ನು ಅರಿಯದೆ ‘ಮುಖ್ಯವಾದದ್ದು ಕಾಣಲಿ’ ಎಂದು ಯಾರಾದರೂ ಬೈಪಾಸ್‌ನಲ್ಲಿ ಗ್ಯಾಲ್4ಕ್ಕೆ ಕೆಂಪು ಬಳಿದರೆ ಏನಾಯಿತು? ಆ ಚಿತ್ರದಲ್ಲಿ ಕೆಂಪು ಅಂದರೆ ‘ಜೀನ್ ಹೆಚ್ಚಾಗಿ ಕೆಲಸ ಮಾಡುತ್ತಿದೆ’ ಎಂದು ಆಗಲೇ ಗೊತ್ತಾಗಿದೆ. ಓದುವವರು ಗ್ಯಾಲ್4 ಕೂಡ ಹೆಚ್ಚಿದೆ ಎಂದೇ ತಿಳಿಯುತ್ತಾರೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ, ಚಿತ್ರ ಮಾತ್ರ ಸುಳ್ಳು ಹೇಳಿತು. ಇಂಥ ತಪ್ಪನ್ನು ಪ್ರಬಂಧ ಪರಿಶೀಲಿಸುವವರು ಹಿಡಿಯುವುದೂ ಕಷ್ಟ, ಏಕೆಂದರೆ ಟೇಬಲ್‌ನಲ್ಲಿ ಅಂಕಿ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಗ್ಯಾಲ್4 ಎದ್ದು ಕಾಣಿಸುವುದು ಬೇಡವೇ? ಬೇಕು. ಅದಕ್ಕೆ ದಾರಿ ಇದೆ. ಈಗಾಗಲೇ ಮಾಹಿತಿ ಹೊತ್ತಿರುವ ಗುಣವನ್ನು ಬಿಟ್ಟು ಖಾಲಿ ಇರುವ ಗುಣವನ್ನು ಆರಿಸು. ಒಳಬಣ್ಣ ಜೀನ್‌ನ ಏರಿಳಿತ ಹೇಳುತ್ತಿದೆ, ಅಂಚಿನ ಬಣ್ಣ ಆ ಬದಲಾವಣೆ ಸಂಖ್ಯಾಶಾಸ್ತ್ರದ ಪ್ರಕಾರ ನೆಚ್ಚಬಹುದಾದದ್ದೇ ಎಂದು ಹೇಳುತ್ತಿದೆ ಎಂದಿಟ್ಟುಕೋ. ಆಗ ಆಕಾರ ಖಾಲಿ. ಗ್ಯಾಲ್4ಕ್ಕೆ ವಜ್ರದ ಆಕಾರ ಕೊಡು, ಚಿತ್ರದ ಕೆಳಗೆ ‘ವಜ್ರ: ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್’ (ಬೇರೆ ಜೀನ್‌ಗಳನ್ನು ನಡೆಸುವ ಪ್ರೋಟೀನ್) ಎಂದು ಒಂದು ಸಾಲು ಬರೆ. ಇನ್ನೂ ಒಳ್ಳೆಯದೆಂದರೆ ಟೇಬಲ್‌ನಲ್ಲೇ ‘ಪಾತ್ರ’ ಎಂಬ ಹೊಸ ಕಾಲಂ ತೆರೆದು, ಅದರಲ್ಲಿ ಗ್ಯಾಲ್4ರ ಎದುರು ಪಾತ್ರ ನಮೂದಿಸಿ, ಆಕಾರಕ್ಕೆ ಡಿಸ್ಕ್ರೀಟ್ ಮ್ಯಾಪಿಂಗ್ ಕೊಡುವುದು. ಪರದೆಯ ಮೇಲೆ ಕಾಣುವುದು ಅದೇ ವಜ್ರ. ಆದರೆ ಈಗ ಆ ವಜ್ರಕ್ಕೆ ಕಾರಣ ಇದೆ, ಆ ಕಾರಣ ಟೇಬಲ್‌ನಲ್ಲಿದೆ, ನಾಳೆ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಬಂದು ಸೇರಿದರೆ ಅದರ ಪಾತ್ರ ನಮೂದಿಸಿದರೆ ಸಾಕು, ಅದಕ್ಕೂ ತಾನಾಗಿ ವಜ್ರ ಬರುತ್ತದೆ.

ನಿನ್ನ ಪ್ಲಗಿನ್ ಮಾಡಬೇಕಾದದ್ದು ಇದನ್ನೇ. ಬಳಸುವವರು ನೋಡ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎತ್ತಿ ತೋರಿಸು’ ಎಂದರೆ, ತೆರೆಮರೆಯಲ್ಲಿ ಕಾಲಂ ಬರೆದು ಮ್ಯಾಪಿಂಗ್ ಕೊಡು. ಯಾಕೆ ಎಂದು ಬರೆಯಲು ಒಂದು ಸಾಲಿನ ಜಾಗ ಇಡು, ಅದನ್ನೂ ಕಾಲಂನಲ್ಲೇ ಉಳಿಸು. ಕಾಲಂ ಹೆಸರಿನ ಮುಂದೆ ನಿನ್ನ ಪ್ಲಗಿನ್‌ನ ಹೆಸರು ಸೇರಿಸು. ಸ್ಟ್ರಿಂಗ್‌ಆ್ಯಪ್ ಎಂಬ ಪ್ಲಗಿನ್‌ನವರು ತಮ್ಮ ಕಾಲಂಗಳಿಗೆಲ್ಲ ಹೀಗೆ ಮನೆಹೆಸರು ಇಟ್ಟಿದ್ದಾರೆ. ಯಾರ ಕಾಲಂ ಯಾವುದು ಎಂದು ಆಮೇಲೆ ಹುಡುಕಾಡಬೇಕಾಗುವುದಿಲ್ಲ.

ಕೋಡ್ ಬರೆಯುವಾಗ ನಿನ್ನನ್ನು ಕಾಡುವ ಜಾಗ ಇನ್ನೊಂದಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಸೈಟೋಸ್ಕೇಪ್ 3ರಲ್ಲಿ ನೋಡ್ ಬೇರೆ, ಪರದೆಯ ಮೇಲಿನ ಅದರ ವ್ಯೂ ಬೇರೆ. ರೂಪ ಕೊಡುವುದು ವ್ಯೂಗೆ. ಅದಕ್ಕೆ ಎರಡು ಮೆಥಡ್ ಇವೆ: ಸೆಟ್‌ವಿಷುಯಲ್‌ಪ್ರಾಪರ್ಟಿ ಮತ್ತು ಸೆಟ್‌ಲಾಕ್ಡ್‌ವ್ಯಾಲ್ಯೂ. ಮೊದಲನೆಯದರಲ್ಲಿ ಬಣ್ಣ ಕೊಟ್ಟರೆ ಆ ಕ್ಷಣಕ್ಕೆ ಬಣ್ಣ ಬರುತ್ತದೆ, ಸ್ಟೈಲ್ ಮತ್ತೊಮ್ಮೆ ಅನ್ವಯವಾದ ಕೂಡಲೇ ಅಳಿಸಿಹೋಗುತ್ತದೆ. ‘ನಾನು ಕೊಟ್ಟ ಬಣ್ಣ ಎಲ್ಲಿ ಹೋಯಿತು’ ಎಂದು ದಿನಗಟ್ಟಲೆ ತಲೆ ಕೆರೆದುಕೊಳ್ಳುವವರು ಬಹಳ. ಎರಡನೆಯದು ಬೀಗ ಹಾಕುತ್ತದೆ, ಅಂದರೆ ಅದೇ ಬೈಪಾಸ್. ಸ್ಟೈಲ್ ಬದಲಾದರೂ ಅಲ್ಲಾಡುವುದಿಲ್ಲ. ಬೀಗ ತೆಗೆಯಲು ಕ್ಲಿಯರ್‌ವ್ಯಾಲ್ಯೂಲಾಕ್ ಇದೆ. ಕೋಡ್‌ನಲ್ಲಿ ಹೊಸ ನೋಡ್ ಸೇರಿಸಿದ ತಕ್ಷಣ ಅದರ ವ್ಯೂ ಕೇಳಿದರೆ ನಲ್ ಸಿಗಬಹುದು. ಫ್ಲಶ್‌ಪೇಲೋಡ್‌ಇವೆಂಟ್ಸ್ ಕರೆದು ಬಾಕಿ ಇರುವ ಸುದ್ದಿಗಳನ್ನೆಲ್ಲ ತಲುಪಿಸಿದ ಮೇಲೆ ಕೇಳು. ಎಲ್ಲ ಮುಗಿದ ಮೇಲೆ ಅಪ್‌ಡೇಟ್‌ವ್ಯೂ ಮರೆಯಬೇಡ. ಅಗಲ ಬದಲಿಸಿದರೂ ನೋಡ್ ಅಲ್ಲಾಡದಿದ್ದರೆ ಕೋಡ್ ಬೈಯುವ ಮುಂಚೆ ಸ್ಟೈಲ್ ಫಲಕದಲ್ಲಿ ಅಗಲ, ಎತ್ತರ ಒಟ್ಟಿಗೆ ಕಟ್ಟುವ ಗುರುತು ಹಾಕಿದೆಯೇ ನೋಡು. ಅದಿದ್ದರೆ ‘ಸೈಜ್’ ಎಂಬ ಒಂದೇ ಗುಣ ಲೆಕ್ಕಕ್ಕೆ ಬರುತ್ತದೆ, ಅಗಲವನ್ನು ಯಾರೂ ಕೇಳುವುದಿಲ್ಲ.

ಬೀಗ ಹಾಕುವ ಪ್ಲಗಿನ್‌ಗೆ ಒಂದು ಮರ್ಯಾದೆ ಬೇಕು. ನೀನು ಯಾವ ನೋಡ್‌ಗೆ ಯಾವ ಬೀಗ ಹಾಕಿದೆ ಎಂಬ ಪಟ್ಟಿ ಇಟ್ಟುಕೋ, ತೆಗೆಯುವಾಗ ನಿನ್ನವನ್ನು ಮಾತ್ರ ತೆಗೆ. ಬಳಸುವವರು ರಾತ್ರಿಯೆಲ್ಲ ಕೂತು ತಾವೇ ಹಾಕಿಕೊಂಡ ಬೈಪಾಸ್‌ಗಳನ್ನು ‘ಎಲ್ಲ ತೆರವು’ ಎಂಬ ಒಂದು ಗುಂಡಿ ಗುಡಿಸಿ ಹಾಕಿದರೆ ಅವರು ನಿನ್ನ ಪ್ಲಗಿನ್ ಮತ್ತೆ ತೆರೆಯುವುದಿಲ್ಲ, ತೆರೆಯಲೂಬಾರದು. ಹಾಗೆಯೇ ಅವರ ಸ್ಟೈಲನ್ನು ನೇರವಾಗಿ ತಿದ್ದಬೇಡ. ಅದೇ ಸ್ಟೈಲನ್ನು ಬೇರೆ ಐದಾರು ನೆಟ್‌ವರ್ಕ್‌ಗಳು ಬಳಸುತ್ತಿರಬಹುದು. ಇಲ್ಲಿ ತಿದ್ದಿದ್ದು ಅಲ್ಲೂ ಬದಲಾಗುತ್ತದೆ. ಪ್ರತಿ ಮಾಡಿಕೊಂಡು, ಬೇರೆ ಹೆಸರಿಟ್ಟು, ಆ ಪ್ರತಿಯಲ್ಲಿ ನಿನ್ನ ನಿಯಮ ಸೇರಿಸು.

ಇನ್ನು ಗಾತ್ರ. ಇದರ ಬಗ್ಗೆ ನನಗೆ ಹೇಳುವುದು ಹೆಚ್ಚಿದೆ. ನೋಡ್‌ನ ಅಗಲ 20ರಿಂದ 40 ಆದರೆ ಅಂಕಿ ಎರಡು ಪಟ್ಟು ಏರಿತು, ಆದರೆ ವೃತ್ತದ ವಿಸ್ತೀರ್ಣ ನಾಲ್ಕು ಪಟ್ಟು ಏರಿತು. ಕಣ್ಣು ನೋಡುವುದು ವಿಸ್ತೀರ್ಣವನ್ನು. ಅಂಕಿಯನ್ನು ಗಾತ್ರಕ್ಕೆ ಜೋಡಿಸುವಾಗ ವರ್ಗಮೂಲ ತೆಗೆದುಕೊಂಡು ಜೋಡಿಸು, ಇಲ್ಲದಿದ್ದರೆ ಸಣ್ಣ ವ್ಯತ್ಯಾಸವೂ ಬೆಟ್ಟದಷ್ಟು ಕಾಣುತ್ತದೆ. ಇದು ಲೆಕ್ಕದ ಮಾತಾಯಿತು. ಇದಕ್ಕಿಂತ ಆಳದ ತೊಂದರೆ ಇನ್ನೊಂದಿದೆ. ಹೆಚ್ಚು ಗೆರೆ ಇರುವ ನೋಡ್ ದೊಡ್ಡದಾಗಿ ಕಾಣಲಿ ಎಂದು ಎಲ್ಲರೂ ಮಾಡುತ್ತಾರೆ. ಮಾನವ ಪ್ರೋಟೀನ್‌ಗಳ ಜಾಲದಲ್ಲಿ ಹಾಗೆ ಮಾಡಿದರೆ ಪಿ53ಯಂಥ ಪ್ರೋಟೀನ್‌ಗಳು ಊದಿಕೊಂಡು ಕೂರುತ್ತವೆ. ಪಿ53 ಕ್ಯಾನ್ಸರ್‌ನಲ್ಲಿ ಮುಖ್ಯ, ಸಂಶಯವಿಲ್ಲ. ಆದರೆ ಅದಕ್ಕೆ ಅಷ್ಟು ಗೆರೆ ಬಂದಿರುವುದಕ್ಕೆ ಅದರ ಮೇಲೆ ದಶಕಗಳಿಂದ ಸಾವಿರಾರು ಪ್ರಬಂಧ ಬಂದಿರುವುದೂ ಒಂದು ಕಾರಣ. ಯಾರೂ ಕೈಹಾಕದ ಪ್ರೋಟೀನ್‌ಗೆ ಎರಡೇ ಗೆರೆ ಇದ್ದರೆ ಅದಕ್ಕೆ ಸಂಬಂಧಗಳೇ ಎರಡು ಎಂದು ಹೇಳಲಾಗದು. ನೋಡಿದವರು ಕಡಿಮೆ ಎಂದಷ್ಟೇ ಹೇಳಬಹುದು. ಪ್ರಬಂಧ ಓದಿ ಕಟ್ಟಿದ ಯಾವ ಕೋಶಕ್ಕೂ ಈ ಮಿತಿ ತಪ್ಪಿದ್ದಲ್ಲ. ದೊಡ್ಡ ನೋಡ್‌ಗೆ ಇನ್ನಷ್ಟು ದೊಡ್ಡ ರೂಪ ಕೊಟ್ಟು, ಸಣ್ಣದನ್ನು ಮಸುಕು ಮಾಡಿದರೆ ಮುಂದಿನ ಸಂಶೋಧಕರೂ ಆ ದೊಡ್ಡದರ ಕಡೆಗೇ ನಡೆಯುತ್ತಾರೆ. ನಿನ್ನ ಪ್ಲಗಿನ್‌ನಲ್ಲಿ ಗಾತ್ರಕ್ಕೆ ಗೆರೆಗಳ ಎಣಿಕೆಯನ್ನು ಡಿಫಾಲ್ಟ್ ಮಾಡಬೇಡ. ಬೇಕಾದವರು ತಿಳಿದು ಆರಿಸಿಕೊಳ್ಳಲಿ.

ಬಣ್ಣದ ವಿಷಯದಲ್ಲಿ ಕೆಂಪು-ಹಸಿರು ಜೋಡಿ ಬಿಟ್ಟುಬಿಡು. ಮೈಕ್ರೋಅರೇ ಕಾಲದಿಂದ ಅಭ್ಯಾಸವಾಗಿ ಬಂದ ಜೋಡಿ ಅದು, ಆದರೆ ಆ ಎರಡನ್ನು ಬೇರೆ ಮಾಡಿ ಕಾಣಲಾಗದ ಗಂಡಸರು ಬಹಳ ಮಂದಿ ಇದ್ದಾರೆ. ಉತ್ತರ ಯೂರೋಪ್ ಮೂಲದವರಲ್ಲಿ ಹನ್ನೆರಡು ಗಂಡಸರಿಗೆ ಒಬ್ಬರಂತೆ. ನೀಲಿ-ಬಿಳಿ-ಕೆಂಪು ಬಹುಮಟ್ಟಿಗೆ ಎಲ್ಲರಿಗೂ ತಿಳಿಯುತ್ತದೆ. ಹಳದಿಯನ್ನು ಒತ್ತು ಕೊಡುವ ಬಣ್ಣವಾಗಿ ಇಡಬೇಡ, ಸೈಟೋಸ್ಕೇಪ್‌ನಲ್ಲಿ ಆಯ್ಕೆಯಾದ ನೋಡ್ ಸಾಮಾನ್ಯವಾಗಿ ಹಳದಿಯಾಗುತ್ತದೆ. ಒಳಬಣ್ಣ ಗಾಢವಾದರೆ ಮೇಲಿನ ಕಪ್ಪು ಅಕ್ಷರ ಮುಳುಗಿಹೋಗುತ್ತದೆ, ಲೇಬಲ್ ಬಣ್ಣವನ್ನೂ ಜೊತೆಗೇ ಬದಲಿಸುವ ವ್ಯವಸ್ಥೆ ಇರಲಿ.

ನೋಡ್ ಒಳಗೆ ಪೈ ಚಾರ್ಟ್, ಬಾರ್ ಚಾರ್ಟ್, ಪ್ರೋಟೀನ್‌ನ ಆಕೃತಿಯ ಚಿತ್ರ, ಗಾಜಿನ ಗೋಲಿಯ ಹೊಳಪು, ಎಲ್ಲವೂ ಈಗ ಸಾಧ್ಯ. ಸ್ಟ್ರಿಂಗ್‌ಆ್ಯಪ್‌ನಲ್ಲಿ ಹೊಳಪನ್ನೂ ಆಕೃತಿಯ ಚಿತ್ರವನ್ನೂ ಬೇಡವೆಂದರೆ ತೆಗೆದುಹಾಕಬಹುದು. ಆ ಆಯ್ಕೆ ಇಟ್ಟಿರುವುದೇ ಅದರ ಜಾಣತನ. ಮದುವೆ ಮನೆಯಲ್ಲಿ ಬಂದವರೆಲ್ಲ ತಲೆಗೆ ಬಾಸಿಂಗ ಕಟ್ಟಿಕೊಂಡರೆ ಮದುಮಗಳು ಯಾರೆಂದು ಹುಡುಕಬೇಕಾಗುತ್ತದೆ. ಒಂದು ಚಿತ್ರದಲ್ಲಿ ಮೂರು ನಾಲ್ಕು ನೋಡ್‌ಗಿಂತ ಹೆಚ್ಚಿಗೆ ಕೈಯಿಂದ ಒತ್ತು ಕೊಡುತ್ತಿದ್ದಾರೆ ಎಂದರೆ ಅವರಿಗೆ ಬೇಕಾಗಿರುವುದು ಒಂದು ಕಾಲಂ, ಬೈಪಾಸ್ ಅಲ್ಲ. ಪ್ಲಗಿನ್ ಅಷ್ಟು ಹೊತ್ತಿಗೆ ಅದನ್ನು ಮೆಲ್ಲಗೆ ನೆನಪಿಸಲಿ. ದೊಡ್ಡ ಜಾಲದಲ್ಲಿ ದೂರದಿಂದ ನೋಡುವಾಗ ಸೈಟೋಸ್ಕೇಪ್ ವೇಗಕ್ಕಾಗಿ ಲೇಬಲ್, ಚಿತ್ರಗಳನ್ನು ಬಿಟ್ಟು ಬರೀ ಬಣ್ಣದ ಚೌಕ ತೋರಿಸುತ್ತದೆ ಎಂಬುದನ್ನೂ ಬಳಸುವವರಿಗೆ ತಿಳಿಸು, ಇಲ್ಲವಾದರೆ ‘ಚಾರ್ಟ್ ಮಾಯವಾಯಿತು’ ಎಂದು ದೂರು ಬರುತ್ತದೆ.

ಬೇರೆ ಸಾಧನಗಳಿಗೆ ಹೋದರೂ ಈ ವಿವೇಕ ಕೆಲಸಕ್ಕೆ ಬರುತ್ತದೆ, ನಡವಳಿಕೆ ಮಾತ್ರ ಬೇರೆ. ಗೆಫಿಯಲ್ಲಿ ಬಣ್ಣ ನೇರವಾಗಿ ನೋಡ್‌ಗೇ ಅಂಟುತ್ತದೆ. ಕೈಯಿಂದ ಬಳಿದ ಬಣ್ಣದ ಮೇಲೆ ರ್‍ಯಾಂಕಿಂಗ್ ಅನ್ವಯಿಸಿದರೆ ಬಳಿದದ್ದು ಹೋಯಿತು, ಬೀಗ ಎಂಬುದಿಲ್ಲ. ಗ್ರಾಫ್‌ವಿಜ್‌ನಲ್ಲಿ ಎಲ್ಲವೂ ಅಕ್ಷರದಲ್ಲಿ ಬರೆದಿರುತ್ತದೆ: ಮೇಲೆ ಎಲ್ಲ ನೋಡ್‌ಗೂ ಅನ್ವಯವಾಗುವ ಸಾಲು, ಕೆಳಗೆ ಒಂದು ನೋಡ್‌ನ ಎದುರು ಅದರ ವಿಶೇಷ. ಹಳೆಯದೆಂದು ಅದನ್ನು ಕಡೆಗಣಿಸಬೇಡ. ಯಾವ ನೋಡ್‌ಗೆ ಯಾರು ಏನು ಮಾಡಿದರು ಎಂದು ಫೈಲ್ ತೆರೆದವರೆಲ್ಲ ಓದಬಹುದು, ಪಕ್ಕದಲ್ಲಿ ಕಾರಣವನ್ನೂ ಕಾಮೆಂಟಾಗಿ ಬರೆಯಬಹುದು. ಆ ಪಾರದರ್ಶಕತೆ ನಿನ್ನ ಪ್ಲಗಿನ್‌ಗೂ ಬರಲಿ ಎಂಬುದು ನನ್ನ ಆಸೆ.

ಉಳಿಸುವ ವಿಷಯ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ನೋವು ಕಾಣಿಸಿಕೊಳ್ಳುವುದು ಅಲ್ಲೇ. ಸೆಶನ್ ಫೈಲ್ ಉಳಿಸಿದರೆ ಬೈಪಾಸ್‌ಗಳೂ ಅದರ ಜೊತೆ ಉಳಿಯುತ್ತವೆ. ಸ್ಟೈಲ್ ಮಾತ್ರ ಎಕ್ಸ್‌ಪೋರ್ಟ್ ಮಾಡಿ ಗೆಳತಿಗೆ ಕಳಿಸಿದರೆ ಡಿಫಾಲ್ಟ್, ಮ್ಯಾಪಿಂಗ್ ಹೋಗುತ್ತವೆ, ಬೈಪಾಸ್ ಹೋಗುವುದಿಲ್ಲ. ಅವಳು ತೆರೆದಾಗ ನೀನು ಎತ್ತಿ ತೋರಿಸಿದ್ದ ನೋಡ್ ಉಳಿದವುಗಳ ನಡುವೆ ಕರಗಿಹೋಗಿರುತ್ತದೆ. ಏನೋ ಕಳೆದಿದೆ ಎಂದು ಅವಳಿಗೆ ಗೊತ್ತಾಗುವುದೂ ಇಲ್ಲ. ಆರ್ ಅಥವಾ ಪೈಥಾನ್ ಸ್ಕ್ರಿಪ್ಟ್‌ನಿಂದ ಚಿತ್ರ ಮತ್ತೆ ಕಟ್ಟುವವರದೂ ಇದೇ ಪಾಡು: ಮೌಸ್‌ನಲ್ಲಿ ಮಾಡಿದ ಬೈಪಾಸ್ ಸ್ಕ್ರಿಪ್ಟ್‌ನಲ್ಲಿ ಇರುವುದಿಲ್ಲ. ಆ ಭಾಷೆಗಳಿಂದ ಸೈಟೋಸ್ಕೇಪ್ ನಡೆಸುವ ಆರ್‌ಸಿವೈ3, ಪೈ4ಸೈಟೋಸ್ಕೇಪ್ ಎರಡರಲ್ಲೂ ಬೈಪಾಸ್ ಹಾಕುವ, ತೆಗೆಯುವ ಫಂಕ್ಷನ್‌ಗಳಿವೆ. ಮೌಸ್‌ನಲ್ಲಿ ಮಾಡಿದ್ದನ್ನು ಆ ಸಾಲುಗಳಾಗಿ ಬರೆದುಕೊಡುವ ಸೌಲಭ್ಯ ನಿನ್ನ ಪ್ಲಗಿನ್‌ನಲ್ಲಿದ್ದರೆ ಎಷ್ಟೋ ಜನರ ಹೊತ್ತು ಉಳಿಯುತ್ತದೆ.

ಆದ್ದರಿಂದ ಬಣ್ಣ ಆರಿಸುವ ಚೆಂದದ ಪೆಟ್ಟಿಗೆ ಆಮೇಲೆ ಬರೆ. ಮೊದಲು ತೆರವುಗೊಳಿಸುವ ಗುಂಡಿ ಬರೆ, ಅದಾದ ಮೇಲೆ ಕಾರಣ ಉಳಿಸುವ ಕಾಲಂ. ಇಷ್ಟಾದ ಮೇಲೆ ಮಾದರಿ ಫೈಲಿನಲ್ಲಿ ಒಂದು ನೋಡ್‌ನ ರೂಪ ಬದಲಿಸಿ, ಸೆಶನ್ ಉಳಿಸಿ ಮುಚ್ಚು. ನಿನ್ನ ಪ್ಲಗಿನ್ ತೆಗೆದುಹಾಕಿ ಅದೇ ಸೆಶನ್ ಮತ್ತೆ ತೆರೆ. ಏನು ಉಳಿದಿದೆ, ಏನು ಹೋಗಿದೆ, ಹೊಸಬರು ಅದನ್ನು ನೋಡಿ ಏನೆಂದು ಓದುತ್ತಾರೆ ಎಂದು ನನಗೆ ಬರೆದು ತಿಳಿಸು.